ಸಮ ಎಂದವರು ಯಾರು?

ಬಡಿಸುವವರು ಮುಖ ನೋಡಿ ಬಡಿಸಬಾರದು ಎನ್ನುತ್ತೇವೆ. ಪಂಕ್ತಿಭೇದ ಎಂಬ ಮಾತಿನಲ್ಲೇ ಆ ಸಿಟ್ಟಿದೆ. ಹಾಗಾದರೆ ಮುಖವನ್ನೇ ನೋಡದೆ ಹಂಚಿಬಿಟ್ಟರೆ ಅದು ನ್ಯಾಯವಾಗುತ್ತದೆಯೇ? ನೆಟ್‌ವರ್ಕ್‌ಗಳ ಬಗ್ಗೆ ಸಂಶೋಧನೆ ಮಾಡುವ ನನಗೆ ಈ ಪ್ರಶ್ನೆ ನೀತಿಶಾಸ್ತ್ರದ ಪುಸ್ತಕಕ್ಕಿಂತ ಹೆಚ್ಚಾಗಿ ರೌಟರ್‌ಗಳಲ್ಲಿ ಎದುರಾಗುತ್ತದೆ.

ಒಂದೇ ಗುರಿಗೆ ಸಮಾನ ವೆಚ್ಚದ ಎರಡು ದಾರಿಗಳಿದ್ದರೆ, ಓಎಸ್‌ಪಿಎಫ್‌ನಂಥ ಪ್ರೋಟೋಕಾಲ್ ಎರಡನ್ನೂ ಬಳಸಲು ಬಿಡುತ್ತದೆ. ಪ್ಯಾಕೆಟ್‌ಗಳನ್ನು ಅತ್ತ ಒಂದು, ಇತ್ತ ಒಂದು ಎಂದು ಕಳಿಸಿದರೆ ಅವು ಹಿಂದುಮುಂದಾಗಿ ತಲುಪಬಹುದು. ಹಾಗಾಗಿ ಎರಡೂ ತುದಿಗಳ ವಿಳಾಸ, ಪೋರ್ಟ್ ಸಂಖ್ಯೆಗಳಂಥ ಗುರುತುಗಳನ್ನು ಹ್ಯಾಶ್ ಎಂಬ ಲೆಕ್ಕಕ್ಕೆ ಹಾಕುತ್ತಾರೆ. ಬಂದ ಉತ್ತರವೇ ದಾರಿಯನ್ನು ತೀರ್ಮಾನಿಸುತ್ತದೆ. ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಒಂದೇ ದಾರಿ ಹಿಡಿಯುತ್ತವೆ. ಹ್ಯಾಶ್‌ಗೆ ದಾಕ್ಷಿಣ್ಯವಿಲ್ಲ. ಆದರೆ ಯಾರ ಹೊರೆ ಎಷ್ಟೆಂಬುದೂ ಅದಕ್ಕೆ ತಿಳಿಯದು. ಎರಡು ಭಾರಿ ಬ್ಯಾಕಪ್‌ಗಳು ಒಂದೇ ದಾರಿಗೆ ಬಿದ್ದರೆ, ಪಕ್ಕದ ದಾರಿ ಖಾಲಿಯಿದ್ದರೂ ಅವುಗಳ ಹಿಂದೆ ಸಿಕ್ಕಿದ ಪುಟ್ಟ ಸಂದೇಶ ಕಾಯಬೇಕು.

ಕಣ್ಣು ತೆರೆದೇ ಹಂಚಬಹುದಲ್ಲ ಎನಿಸಬಹುದು. 1979ರಲ್ಲಿ ಅರ್ಪಾನೆಟ್ ಹಾಗೆಯೇ ಮಾಡಿತು: ಪ್ರತಿ ಕೊಂಡಿಯಲ್ಲಿ ಆಗುತ್ತಿದ್ದ ವಿಳಂಬವನ್ನು ಅಳೆದು ದಾರಿ ಆರಿಸತೊಡಗಿತು. ದಟ್ಟಣೆ ಹೆಚ್ಚಿದಾಗ ಎಲ್ಲವೂ ಖಾಲಿ ದಾರಿಗೆ ನುಗ್ಗುತ್ತಿದ್ದವು. ಅದು ತುಂಬಿದೊಡನೆ ಹಳೆಯ ದಾರಿಗೆ ಮರಳುತ್ತಿದ್ದವು. 1987ರಲ್ಲಿ ಕಂಡುಕೊಂಡ ಪರಿಹಾರ, ಅಳೆಯುವುದನ್ನು ಬಿಡುವುದಲ್ಲ. ಕೊಂಡಿಯ ವೆಚ್ಚ ಒಮ್ಮೆಲೇ ಎಷ್ಟು ಬದಲಾಗಬಹುದು ಎಂಬುದಕ್ಕೆ ಮಿತಿ ಹಾಕುವುದು. ಕ್ಷಣಕ್ಷಣಕ್ಕೂ ಸ್ಪಂದಿಸುವ ಕರುಣೆಯೂ ವ್ಯವಸ್ಥೆಯನ್ನು ಅಲ್ಲಾಡಿಸಬಲ್ಲದು.

ಆದ್ದರಿಂದ ಹಂಚುವ ಗಳಿಗೆಯಲ್ಲಿ ಹ್ಯಾಶ್ ಕುರುಡಾಗಿರುವುದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಅದಕ್ಕೂ ಮುಂಚಿನ ‘ಸಮಾನ ವೆಚ್ಚ’ ಎಂಬ ಮಾತಿನ ಬಗ್ಗೆ. ಸಿಸ್ಕೊದ ಐಒಎಸ್ ತಂತ್ರಾಂಶದಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, 100 ಮೆಗಾಬಿಟ್ ಎಂಬ ಅಳತೆಯನ್ನು ಕೊಂಡಿಯ ವೇಗದಿಂದ ಭಾಗಿಸಿ ವೆಚ್ಚ ಪಡೆಯುತ್ತಾರೆ. ಒಂದಕ್ಕಿಂತ ಕಡಿಮೆ ಬಂದರೂ ಒಂದೆಂದೇ ಲೆಕ್ಕ. ಹೀಗಾಗಿ 100 ಮೆಗಾಬಿಟ್‌ನ ಕೊಂಡಿಗೂ ಅದರ ನೂರು ಪಟ್ಟು ವೇಗದ 10 ಗಿಗಾಬಿಟ್‌ನ ಕೊಂಡಿಗೂ ವೆಚ್ಚ ಒಂದೇ! ಓಣಿ ಮತ್ತು ಹೆದ್ದಾರಿ ಸಮವೆಂದು ಮೊದಲೇ ಬರೆದಿಟ್ಟ ಮೇಲೆ, ಹ್ಯಾಶ್ ಎಷ್ಟು ನಿಷ್ಪಕ್ಷಪಾತವಾಗಿ ಹಂಚಿದರೇನು?

ವಿದ್ಯಾರ್ಥಿವೇತನದ ಆದಾಯ ಮಿತಿಯನ್ನು ನೆನೆಯಿರಿ. ಕಿಟಕಿಯಾಚೆಯ ಗುಮಾಸ್ತರು ಯಾರ ಮುಖವನ್ನೂ ನೋಡದೆ ನಿಯಮ ಪಾಲಿಸಿದರೆ ಅವರು ಸರಿಯೇ. ಬೆಲೆಗಳೆಲ್ಲ ಏರಿದ ಮೇಲೂ ಆ ಮಿತಿ ಹಳೆಯದೇ ಆಗಿ ಉಳಿದಿದ್ದರೆ, ಅವರ ಪ್ರಾಮಾಣಿಕತೆಯೇ ಅನ್ಯಾಯವನ್ನು ಚಾಚೂ ತಪ್ಪದೆ ತಲುಪಿಸುತ್ತದೆ. ಉತ್ತರಿಸಬೇಕಾದವರು ಕಿಟಕಿಯಲ್ಲಿಲ್ಲ.

ರೌಟರ್‌ನಲ್ಲಿ ಆ ಅಳತೆಯನ್ನು ಬದಲಿಸಲು ಒಂದು ಸಾಲಿನ ಆದೇಶ ಸಾಕು. ಆದರೆ ಅದನ್ನು ಜಾಲದ ಎಲ್ಲ ರೌಟರ್‌ಗಳಲ್ಲೂ ಬದಲಿಸಬೇಕು. ಒಂದೇ ರೌಟರ್ ತನ್ನಷ್ಟಕ್ಕೆ ತಿದ್ದಿಕೊಂಡರೆ ಲೆಕ್ಕ ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ಒಬ್ಬ ಒಳ್ಳೆಯ ಗುಮಾಸ್ತರಿಂದ ಆಗದ ಕೆಲಸ ಇದು. ಅಳತೆಗೋಲು ಎಲ್ಲರದ್ದು, ಅದನ್ನು ಆಗಾಗ ಹೊರತೆಗೆದು ನೋಡುವ ಹೊಣೆಯೂ ಎಲ್ಲರದ್ದೇ.