ಹತ್ತು ರೂಪಾಯಿಯ ಗುಡ್ಡೆ

ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡ ಏಳುವಲ್ಲೆಲ್ಲ ಮೊದಲು ತಗಡಿನ ಶೆಡ್ಡುಗಳು ಏಳುತ್ತವೆ. ನಮ್ಮ ಬಡಾವಣೆಯ ಪಕ್ಕದ ಶೆಡ್ಡುಗಳಲ್ಲಿರುವವರು ಹೆಚ್ಚಾಗಿ ಯಾದಗಿರಿ, ರಾಯಚೂರು ಕಡೆಯವರು. ಜೋಳದ ರೊಟ್ಟಿ ತಿಂದು ಬೆಳೆದವರು ಇಲ್ಲಿ ಅನ್ನಕ್ಕೆ ಒಗ್ಗಿಕೊಂಡಿದ್ದಾರೆ. ನಾಲಿಗೆಯ ರುಚಿಯೇನೂ ಬದಲಾಗಿಲ್ಲ. ದಿನವಿಡೀ ಇಟ್ಟಿಗೆ ಹೊತ್ತು ಬಂದವಳಿಗೆ ಹಿಟ್ಟು ನಾದಿ, ರೊಟ್ಟಿ ಬಡಿದು, ಒಂದೊಂದಾಗಿ ಸುಡುವ ತ್ರಾಣ ಇರುವುದಿಲ್ಲ, ಅಷ್ಟು ಹೊತ್ತು ಉರಿಸಲು ಸೌದೆಯೂ ಇರುವುದಿಲ್ಲ. ಅಕ್ಕಿಯಾದರೆ ಒಂದೇ ಪಾತ್ರೆ, ಒಂದೇ ಬೇಯಿಸುವಿಕೆ.

ಅಕ್ಕಿಯ ಮಟ್ಟಿಗೆ ನಮ್ಮ ರಾಜ್ಯ ಮಾಡಿದ್ದು ಸಣ್ಣ ಕೆಲಸವಲ್ಲ. 2013ರಲ್ಲಿ ಅನ್ನಭಾಗ್ಯ ಬಂತು. 2017ರಲ್ಲಿ ಇಂದಿರಾ ಕ್ಯಾಂಟೀನ್ ತೆರೆದು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗುವಂತಾಯಿತು. ಆದರೆ ಹೊಟ್ಟೆ ತುಂಬಿದ್ದೆಲ್ಲ ಮೈಗೆ ಹತ್ತುವುದಿಲ್ಲ. ಅದಕ್ಕೆ ಬೇಳೆ, ಸೊಪ್ಪು, ಮೊಟ್ಟೆ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಜನರಿಗೆ ತಿಳಿವಳಿಕೆ ಸಾಲದು ಎನ್ನುವುದು ಇದಕ್ಕೆ ಎಲ್ಲರ ಬಾಯಲ್ಲೂ ಇರುವ ಉತ್ತರ.

ಸಂಜೆ ತರಕಾರಿ ಗಾಡಿಯ ಹತ್ತಿರ ನಿಂತು ನೋಡಿದವರು ಹಾಗೆನ್ನಲಾರರು. ಗಾಡಿಯಾಕೆ ನಸುಕಿನಲ್ಲೇ ಮಾರ್ಕೆಟ್ಟಿನಿಂದ ಮಾಲು ತಂದಿರುತ್ತಾಳೆ. ಬದನೆ, ಟೊಮೆಟೊ, ಹೀರೇಕಾಯಿಗಳನ್ನು ಗುಡ್ಡೆ ಹಾಕಿಟ್ಟು ಒಂದೊಂದಕ್ಕೆ ಹತ್ತು ರೂಪಾಯಿ ಎನ್ನುತ್ತಾಳೆ. ಕುಂಬಳವನ್ನು ಹೋಳು ಮಾಡುತ್ತಾಳೆ, ಕೋಸು ಅರ್ಧವಾದರೂ ಕೊಡುತ್ತಾಳೆ. ಶೆಡ್ಡಿನ ಹೆಂಗಸು ಮೆಂತ್ಯದ ಕಟ್ಟು ಬಿಚ್ಚಿ, ಒಳಗಿನ ಎಲೆ ಮುಟ್ಟಿ ನೋಡಿ, "ಅಕ್ಕಾ, ಇದು ನಿನ್ನಿದು ಐತಿ, ಇವತ್ತಿಂದು ಕೊಡ್ರಿ" ಎನ್ನುತ್ತಾಳೆ. ಚಿಲ್ಲರೆ ಸಾಲದಿದ್ದರೆ "ನಾಳೆ ಕೊಡು ಹೋಗಮ್ಮ" ಎಂಬ ಉತ್ತರ, ಮೇಲೊಂದು ಎಸಳು ಕರಿಬೇವು. ಯಾವ ಪೋಷಣಾ ಅಭಿಯಾನದ ಪೋಸ್ಟರ್ ಈಕೆಗೆ ಸೊಪ್ಪಿನ ಬಗ್ಗೆ ಹೊಸದೇನು ಹೇಳೀತು?

ಗುಡ್ಡೆ ಲೆಕ್ಕದಲ್ಲಿ ಕೊಂಡರೆ ಕಿಲೋಗೆ ತುಸು ಹೆಚ್ಚೇ ಬೀಳುತ್ತದೆ, ನಿಜ. ಆದರೆ ಫ್ರಿಜ್ಜಿಲ್ಲದ, ದಿನಗೂಲಿಯ ಮನೆಯಲ್ಲಿ ಬೆಲೆಯನ್ನು ಕಿಲೋದಿಂದ ಅಳೆಯುವುದಿಲ್ಲ, ಒಂದು ಹೊತ್ತಿನಿಂದ ಅಳೆಯುತ್ತಾರೆ. ಸೂಪರ್‌ಮಾರ್ಕೆಟ್ಟಿನ ರಿಯಾಯಿತಿಗಳೆಲ್ಲ ಹೆಚ್ಚು ಕೊಂಡವರಿಗೆ. ನನ್ನನ್ನು ಕೇಳಿದರೆ, ಬಡ ಕೇರಿಗಳಿಗೆ ತಾಜಾ ಆಹಾರ ಮುಟ್ಟಿಸುವ ನಮ್ಮ ನಿಜವಾದ ವ್ಯವಸ್ಥೆ ಈ ತಳ್ಳುಗಾಡಿ. ಸರ್ಕಾರ ಇದನ್ನು ಕಟ್ಟಿದ್ದಲ್ಲ, ಹಾಗಾಗಿಯೇ ಅದರ ಕಣ್ಣಿಗೂ ಬಿದ್ದಿಲ್ಲ.

ಕಣ್ಣಿಗೆ ಬಿದ್ದಾಗಲೂ ಕಾಣುವುದು ಒತ್ತುವರಿಯಾಗಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ವ್ಯಾಪಾರಿಗಳ ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ. ಕಾಯ್ದೆಗೆ ಇದು ಜೀವನೋಪಾಯದ ಪ್ರಶ್ನೆ, ಪೊಲೀಸರಿಗೆ ಸಂಚಾರದ ಪ್ರಶ್ನೆ. ಗಾಡಿಯ ಆಚೆ ಬದಿಯಲ್ಲಿ ಹತ್ತು ರೂಪಾಯಿ ಹಿಡಿದು ನಿಂತವಳು ಇಬ್ಬರ ಲೆಕ್ಕಕ್ಕೂ ಸಿಗುವುದಿಲ್ಲ. ಗಾಡಿಯನ್ನು ಮೂಲೆಯಿಂದ ಎಬ್ಬಿಸಿದರೆ ಫುಟ್‌ಪಾತ್ ತೆರವಾಯಿತೆಂದು ಒಂದು ಇಲಾಖೆ ಬರೆದುಕೊಳ್ಳುತ್ತದೆ. ಶೆಡ್ಡಿನಲ್ಲಿ ಆ ರಾತ್ರಿ ಅನ್ನಕ್ಕೆ ಬರೀ ಖಾರದ ನೀರು. ಅದನ್ನು ಬರೆದುಕೊಳ್ಳಬೇಕಾದ ಇಲಾಖೆ ಬೇರೆ. ಅದು ಕಬ್ಬಿಣದ ಮಾತ್ರೆ ಹಂಚುತ್ತಿರುತ್ತದೆ.