ಎಲ್ಲರ ಹೊಗೆ, ಯಾರ ಹೊಣೆ?

ಒಬ್ಬನು ಕೈಯೆತ್ತಿ ಇನ್ನೊಬ್ಬನನ್ನು ಹೊಡೆದರೆ ಹಿಂಸೆ ಯಾರದೆಂದು ಕೇಳಬೇಕಾಗಿಲ್ಲ. ಹೊಡೆದವನೂ ಕಣ್ಣೆದುರಿಗಿದ್ದಾನೆ, ನೊಂದವನೂ ಕಣ್ಣೆದುರಿಗಿದ್ದಾನೆ. ಆದರೆ ಸಾವಿರಾರು ಮಂದಿ ತಂತಮ್ಮ ಮನೆಗಳಲ್ಲಿ, ಯಾರ ಮೇಲೂ ದ್ವೇಷವಿಲ್ಲದೆ, ಸ್ವಲ್ಪ ಸ್ವಲ್ಪವಾಗಿ ಮಾಡಿದ ಕೆಲಸವೆಲ್ಲ ಒಂದುಗೂಡಿ ಕೆಲವರ ಪ್ರಾಣಕ್ಕೆ ಕುತ್ತಾದರೆ ಆ ಹಿಂಸೆಯ ಹೊಣೆ ಯಾರದು? ಎಲ್ಲರದೆಂದರೆ ಯಾರದೂ ಅಲ್ಲವೆಂಬಂತಾಗುತ್ತದೆ. ಯಾರದೂ ಅಲ್ಲವೆಂದರೆ ಸತ್ತವರಿಗೆ ಅನ್ಯಾಯವಾಗುತ್ತದೆ. ಈ ತೊಡಕನ್ನು ಬಿಡಿಸಿ ನೋಡಲು ಫ್ರಾನ್ಸ್ ದೇಶದ ಒಂದು ಹಿಮಕಣಿವೆಯ ವೃತ್ತಾಂತವು ತಕ್ಕ ನಿದರ್ಶನವಾಗಿದೆ.

ಆಲ್ಪ್ಸ್ ಪರ್ವತಶ್ರೇಣಿಯಲ್ಲಿ, ಮೋಂ ಬ್ಲಾಂ ಶಿಖರದ ತಪ್ಪಲಿನಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ತುಸು ಎತ್ತರದಲ್ಲಿ ಶಾಮೊನಿ ಎಂಬ ಪಟ್ಟಣವಿದೆ. ಮೊದಲನೆಯ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು 1924ರಲ್ಲಿ ನಡೆದದ್ದು ಇಲ್ಲಿಯೇ. ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆಗಾಗಿ, ಪರ್ವತಾರೋಹಣಕ್ಕಾಗಿ, ನಿರ್ಮಲವಾದ ಗಾಳಿಗಾಗಿ ದೂರದೇಶಗಳಿಂದ ಜನ ಇಲ್ಲಿಗೆ ಬರುತ್ತಾರೆ. ಆದರೆ ಈ ಪಟ್ಟಣವನ್ನು ಒಳಗೊಂಡ ಆರ್ವ್ ನದಿಯ ಕಣಿವೆಯು ಚಳಿಗಾಲದಲ್ಲಿ ಫ್ರಾನ್ಸಿನ ಅತಿ ಮಲಿನವಾದ ಗಾಳಿಯ ಪ್ರದೇಶಗಳಲ್ಲಿ ಒಂದೆಂದು ಹೆಸರಾಯಿತು. ಕಣಿವೆಯ ಕೆಳಭಾಗದ ಪಾಸಿ ಮೊದಲಾದ ಊರುಗಳಲ್ಲಿ ಪರಿಸ್ಥಿತಿ ಇನ್ನೂ ಗಂಭೀರವಾಗಿತ್ತು. ಯೂರೋಪಿನ ನಿಯಮದ ಪ್ರಕಾರ ಗಾಳಿಯ ಸೂಕ್ಷ್ಮಕಣಗಳು ದಿನವೊಂದಕ್ಕೆ ಘನಮೀಟರಿಗೆ 50 ಮೈಕ್ರೋಗ್ರಾಮಿನ ಮಿತಿಯನ್ನು ವರ್ಷದಲ್ಲಿ 35 ದಿನಗಳಿಗಿಂತ ಹೆಚ್ಚು ದಾಟಬಾರದು. ಈ ನಿಯಮವು ಅಲ್ಲಿ ಹಲವು ವರ್ಷ ಪಾಲನೆಯಾಗಲಿಲ್ಲ.

ಇದಕ್ಕೆ ಪ್ರಕೃತಿಯ ಒಂದು ಕಾರಣವುಂಟು. ಸಾಮಾನ್ಯವಾಗಿ ನೆಲದ ಬಳಿಯ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಅದರೊಡನೆ ಹೊಗೆಯೂ ಮೇಲೆ ಹೋಗಿ ಚದುರುತ್ತದೆ. ಚಳಿಗಾಲದ ತಿಳಿಯಾದ ರಾತ್ರಿಗಳಲ್ಲಿ ಇದು ತಲೆಕೆಳಗಾಗುತ್ತದೆ. ನೆಲ ಬೇಗನೆ ತಣ್ಣಗಾಗಿ, ತಣ್ಣನೆಯ ಭಾರವಾದ ಗಾಳಿ ಕಣಿವೆಯ ತಳದಲ್ಲಿ ತಂಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವು ಪಾತ್ರೆಯ ಮುಚ್ಚಳದಂತೆ ಕುಳಿತುಕೊಳ್ಳುತ್ತದೆ. ಸುತ್ತಲಿನ ಬೆಟ್ಟಗಳು ಬೀಸುಗಾಳಿಯನ್ನು ತಡೆಯುತ್ತವೆ, ಸೂರ್ಯನ ಬಿಸಿಲನ್ನೂ ಮರೆಮಾಡುತ್ತವೆ. ಆಗ ಹೊಗೆಗೂಡುಗಳಿಂದ ಹೊರಟ ಹೊಗೆ ಹೊರಗೆ ಹೋಗಲಾರದೆ ಊರಿನಲ್ಲಿಯೇ ಉಳಿಯುತ್ತದೆ. ಮೇಲಿನ ಇಳಿಜಾರುಗಳಲ್ಲಿ ಆಡುವವರ ನೆತ್ತಿಯ ಮೇಲೆ ನೀಲಿ ಆಕಾಶವಿರುತ್ತದೆ. ಅವರ ಕಾಲಕೆಳಗೆ ಬೂದುಬಣ್ಣದ ಪದರದೊಳಗೆ ಊರಿನ ಮಕ್ಕಳೂ ವೃದ್ಧರೂ ಉಸಿರಾಡುತ್ತಿರುತ್ತಾರೆ.

ಮುಚ್ಚಳ ಪ್ರಕೃತಿಯದು, ಹೊಗೆ ಮನುಷ್ಯನದು. ಈ ಹೊಗೆ ಯಾರದೆಂಬ ವಿಷಯದಲ್ಲಿ ಕಣಿವೆಯ ಜನ ಬಹುಕಾಲ ಬೆರಳು ತೋರಿದ್ದು ಲಾರಿಗಳ ಕಡೆಗೆ. ಫ್ರಾನ್ಸನ್ನೂ ಇಟಲಿಯನ್ನೂ ಕೂಡಿಸುವ 11.6 ಕಿಲೋಮೀಟರ್ ಉದ್ದದ ಮೋಂ ಬ್ಲಾಂ ಸುರಂಗ 1965ರಲ್ಲಿ ತೆರೆಯಿತು. 1999ರ ಮಾರ್ಚ್ 24ರಂದು ಆ ಸುರಂಗದಲ್ಲಿ ಲಾರಿಯೊಂದು ಹೊತ್ತಿಕೊಂಡು 39 ಜನ ಮಡಿದರು. ಮೂರು ವರ್ಷ ಮುಚ್ಚಿದ್ದ ಸುರಂಗ 2002ರಲ್ಲಿ ಮತ್ತೆ ತೆರೆದಾಗ ಲಾರಿಗಳು ಬೇಡವೆಂದು ಜನ ಪ್ರತಿಭಟಿಸಿದರು. ಅವರ ದೂರು ಸುಳ್ಳಲ್ಲ. ಗಾಳಿಯಲ್ಲಿನ ಸಾರಜನಕದ ಆಕ್ಸೈಡುಗಳಿಗೆ ವಾಹನಗಳೇ ಮುಖ್ಯ ಕಾರಣ. ಆದರೆ ಚಳಿಗಾಲದ ಸೂಕ್ಷ್ಮಕಣಗಳ ಮೂಲವನ್ನು ಅಳೆದು ನೋಡಿದಾಗ ಅದರ ಬಹುಪಾಲು ಮನೆಗಳಲ್ಲಿ ಉರಿಯುವ ಸೌದೆಯಿಂದ ಬರುತ್ತದೆಂದು ತಿಳಿಯಿತು. ರಸ್ತೆಯತ್ತ ಚಾಚಿದ್ದ ಬೆರಳನ್ನು ಸ್ವಂತ ಮನೆಯ ಹೊಗೆಗೂಡಿನತ್ತ ತಿರುಗಿಸಬೇಕಾಯಿತು. ಅನ್ಯರ ದೋಷ ನಿಜವಾಗಿದ್ದ ಮಾತ್ರಕ್ಕೆ ಸ್ವಂತ ದೋಷ ಇಲ್ಲವಾಗುವುದಿಲ್ಲ.

ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸುಮಾರು ಒಂದೂವರೆ ಲಕ್ಷ ಜನರಿರುವ ಈ ಕಣಿವೆಯಲ್ಲಿ ಸೂಕ್ಷ್ಮಕಣಗಳ ಕಾರಣದಿಂದ ವರ್ಷಕ್ಕೆ 85 ಸಾವುಗಳು ಸಂಭವಿಸುತ್ತಿದ್ದವು. ಆದರೆ ಆ 85 ಮಂದಿ ಯಾರೆಂದು ಹೆಸರಿಸಲು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಯಾವ ಮನೆಯ ಹೊಗೆ ಯಾರ ಶ್ವಾಸಕೋಶವನ್ನು ಸೇರಿತೆಂದು ಹೇಳಲು ಯಾವ ನ್ಯಾಯಾಧೀಶನಿಗೂ ಸಾಧ್ಯವಿಲ್ಲ. 2020ರ ನವೆಂಬರಿನಲ್ಲಿ ಗ್ರೆನೋಬ್ಲ್ ನಗರದ ಆಡಳಿತ ನ್ಯಾಯಾಲಯವು ಈ ಕಣಿವೆಯ ಗಾಳಿಯ ವಿಷಯದಲ್ಲಿ ಸರ್ಕಾರ ತಪ್ಪಿದೆಯೆಂದು ಒಪ್ಪಿತು. ಆದರೂ ದೂರು ಕೊಟ್ಟವರಿಗೆ ಪರಿಹಾರವನ್ನು ಕೊಡಿಸಲಿಲ್ಲ. ಅವರ ಕಾಯಿಲೆಗೂ ಆ ತಪ್ಪಿಗೂ ನೇರವಾದ ಸಂಬಂಧ ಸಿದ್ಧವಾಗಲಿಲ್ಲವೆಂಬುದು ಅದರ ಕಾರಣ. ಕಾನೂನಿನ ಕೈ ಇಂತಹ ಹಿಂಸೆಯನ್ನು ಹಿಡಿಯಲು ಎಷ್ಟು ತಡಬಡಿಸುತ್ತದೆಂಬುದಕ್ಕೆ ಈ ತೀರ್ಪು ಸಾಕ್ಷಿ.

ಕಾನೂನು ನಿಲ್ಲುವಲ್ಲಿ ಧರ್ಮವಿಚಾರವೂ ನಿಲ್ಲಬೇಕೆ? "ಒಂದು ಮನೆಯ ಹೊಗೆ ಆರಿಹೋದರೆ ಗಾಳಿಯಲ್ಲಿ ಏನು ವ್ಯತ್ಯಾಸವಾದೀತು?" ಎಂಬ ಸಮಾಧಾನ ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತದೆ. ಇಂಗ್ಲೆಂಡಿನ ತತ್ತ್ವಜ್ಞ ಡೆರೆಕ್ ಪಾರ್ಫಿಟ್ 1984ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ವಾದವನ್ನೇ ಪರೀಕ್ಷಿಸಿದ್ದಾನೆ. ಸಾವಿರ ಹಿಂಸಕರಲ್ಲಿ ಪ್ರತಿಯೊಬ್ಬನೂ ಒಂದು ಗುಂಡಿಯನ್ನು ಒತ್ತುತ್ತಾನೆ. ಒಬ್ಬೊಬ್ಬನ ಒತ್ತುವಿಕೆಯಿಂದ ನೋವು ಹೆಚ್ಚಿದ್ದು ಯಾರ ಅರಿವಿಗೂ ಬರುವುದಿಲ್ಲ, ಸಾವಿರವೂ ಸೇರಿದಾಗ ನೋವು ಅಸಹನೀಯವಾಗುತ್ತದೆ. ಪ್ರತಿಯೊಬ್ಬನನ್ನೂ ನಿರ್ದೋಷಿಯೆಂದು ಬಿಟ್ಟರೆ, ಘೋರವಾದ ನೋವೊಂದು ಮಾಡಿದವರೇ ಇಲ್ಲದೆ ಆಯಿತೆಂದು ಹೇಳಬೇಕಾಗುತ್ತದೆ. ಇದು ಅಸಂಬದ್ಧ. ಆದುದರಿಂದ ಒಂದು ಕೆಲಸವನ್ನು ಬಿಡಿಯಾಗಿ ತೂಗಿದರೆ ಸಾಲದು. ಅದು ಯಾವುದರ ಭಾಗವಾಗಿದೆಯೆಂದೂ ನೋಡಬೇಕು.

ಹಾಗಾದರೆ ಒಲೆ ಹೊತ್ತಿಸಿದವರೆಲ್ಲರೂ ಸಮಾನ ದೋಷಿಗಳೆ? ಇಲ್ಲಿ ಜೈನ ಶ್ರಾವಕಾಚಾರದ ವಿವೇಕ ನೆರವಿಗೆ ಬರುತ್ತದೆ. ಅಡುಗೆ, ಮನೆವಾರ್ತೆಗಳಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆಯನ್ನೂ ಬೇಕೆಂದು ಮಾಡುವ ಸಂಕಲ್ಪೀ ಹಿಂಸೆಯನ್ನೂ ಆಚಾರ್ಯರು ಬೇರೆಯಾಗಿಟ್ಟರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನೆಲ, ನೀರು, ಬೆಂಕಿ, ಗಾಳಿಗಳನ್ನು ಪ್ರಯೋಜನವಿಲ್ಲದೆ ಕೆಡಿಸುವುದನ್ನು ಪ್ರಮಾದಚರ್ಯೆ ಎಂಬ ಅನರ್ಥದಂಡದಲ್ಲಿ ಎಣಿಸುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಹಾನಿ ದೊಡ್ಡದೋ ಚಿಕ್ಕದೋ ಎಂಬುದಲ್ಲ. ಅದಕ್ಕೆ ಪ್ರಯೋಜನವಿತ್ತೇ ಎಂಬುದು.

ಈ ಪ್ರಶ್ನೆಯಿಂದ ನೋಡಿದರೆ ಕಣಿವೆಯ ಬೆಂಕಿಗಳು ಎರಡಾಗಿ ಒಡೆಯುತ್ತವೆ. ಹಳೆಯ ಸೌದೆಯೊಲೆಯನ್ನು ಬಿಟ್ಟರೆ ಬೇರೆ ಶಾಖವಿಲ್ಲದ ಬಡ ವೃದ್ಧೆಯ ಬೆಂಕಿ ಒಂದು. ಮನೆಯಲ್ಲಿ ಬೇರೆ ಬಿಸಿ ವ್ಯವಸ್ಥೆ ಇದ್ದರೂ ರಜೆಗೆಂದು ಬಂದವರು ಜ್ವಾಲೆಯ ಸೊಬಗಿಗಾಗಿ ಹೊತ್ತಿಸುವ ಬೆಂಕಿ ಇನ್ನೊಂದು. ತೆರೆದ ಒಲೆಯ ಶಾಖದಲ್ಲಿ ಬಹುಪಾಲು ಹೊಗೆಗೂಡಿನ ಮೂಲಕ ಹೊರಟುಹೋಗುತ್ತದೆ. ಕೋಣೆಗೆ ಸಿಗುವುದು ಅಲ್ಪ, ನೆರೆಯವರಿಗೆ ಸಿಗುವ ಹೊಗೆ ಅಧಿಕ. ಎರಡು ಬೆಂಕಿಗಳ ಕಣಗಳೂ ಶ್ವಾಸಕೋಶಕ್ಕೆ ಒಂದೇ. ಹೊತ್ತಿಸಿದವರ ಹೊಣೆ ಮಾತ್ರ ಒಂದೇ ಅಲ್ಲ. ಆದರೆ ವೃದ್ಧೆಯನ್ನು ಹೊಣೆಯಿಂದ ಬಿಟ್ಟೊಡನೆ ಅವಳ ಪಾಲಿನ ಹೊಣೆ ಮಾಯವಾಗುವುದಿಲ್ಲ; ಒಳ್ಳೆಯ ಒಲೆಯನ್ನು ಅವಳಿಗೆ ಒದಗಿಸಬಲ್ಲವರ ಮೇಲೆ ಅದು ಹೋಗಿ ಕೂರುತ್ತದೆ.

ಕಣಿವೆಯ ಆಡಳಿತವು ಕ್ರಮೇಣ ಈ ದಾರಿಯನ್ನೇ ಹಿಡಿಯಿತು. ಹಳೆಯ ಒಲೆಯನ್ನು ತೆಗೆದು ಹೊಗೆ ಕಡಮೆಯಿರುವ ಹೊಸ ಒಲೆಯನ್ನಿಡುವ ಮನೆಗಳಿಗೆ 2013ರಿಂದ ಧನಸಹಾಯ ದೊರೆಯಿತು. 2022ರಿಂದ ತೆರೆದ ಒಲೆಯಲ್ಲಿ ಸೌದೆ ಉರಿಸುವುದು ನಿಷಿದ್ಧವಾಯಿತು. ಈ ಅನುಕ್ರಮ ಗಮನಾರ್ಹವಾದುದು. ಸಹಾಯವಿಲ್ಲದ ನಿಷೇಧ ಬಡವನ ಪಾಲಿಗೆ ಇನ್ನೊಂದು ಹಿಂಸೆ. ನಿಷೇಧವಿಲ್ಲದ ಸಹಾಯವಾದರೋ ಉಳ್ಳವನ ವಿಲಾಸವನ್ನು ಮುಟ್ಟುವುದೇ ಇಲ್ಲ.

ಆದರೂ ನಿಷೇಧವು ಎಲ್ಲ ಕಡೆಗೂ ತಲುಪಲಾರದು. ಹಸಿ ಸೌದೆಯನ್ನು ಉರಿಸಿದವನನ್ನೂ, ಹೊಸ ಒಲೆಯಲ್ಲಿ ಕಸವನ್ನು ಸುಟ್ಟವನನ್ನೂ ಯಾವ ಅಧಿಕಾರಿ ದಿನವೂ ಕಾಯುತ್ತಾನೆ? ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರನ್ನೂ ಧರ್ಮವು ಒಟ್ಟಿಗೆ ಹೇಳಿದ್ದು ಇಂತಹ ಸಂದರ್ಭಕ್ಕೇ ಸಲ್ಲುತ್ತದೆ. ಬೆಂಕಿ ಹೊತ್ತಿಸುವ ಮುನ್ನ ಮನೆಯ ಯಜಮಾನನಾಗಲಿ, ಅತಿಥಿಗಳನ್ನು ಬರಮಾಡಿಕೊಳ್ಳುವ ವಸತಿಗೃಹದವನಾಗಲಿ ತನಗೆ ತಾನೇ ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ಬೆಂಕಿ ಬೇಕೆ? ಬೇಕಾದರೆ ಇದಕ್ಕಿಂತ ಕಡಮೆ ಹೊಗೆಯಲ್ಲಿ ಸಾಧ್ಯವೆ? ತನ್ನ ಕೈಯಲ್ಲಿ ಸಾಧ್ಯವಿದ್ದು, ನೆರೆಯವನ ಕೈಯಲ್ಲಿ ಸಾಧ್ಯವಿಲ್ಲದಿದ್ದರೆ ಅವನಿಗಾಗಿ ಮಾಡಬೇಕಾದದ್ದೇನು? ಈ ಮೂರಕ್ಕೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟವನು, ಗಾಳಿಯಲ್ಲಿ ತನ್ನ ಪಾಲು ಸಾವಿರದಲ್ಲಿ ಒಂದೋ ಲಕ್ಷದಲ್ಲಿ ಒಂದೋ ಎಂದು ಲೆಕ್ಕಹಾಕುತ್ತ ಕೂರಬೇಕಾಗಿಲ್ಲ.