ಇಂದಿನ ಧಮ್ಮ ಚಿಂತನೆ: ಹುಟ್ಟು ಹಾಕುವ ಕೈಗಳು





ಸ್ತನ ಕ್ಯಾನ್ಸರ್‌ನಿಂದ ಗುಣವಾದ ಹೆಣ್ಣುಮಕ್ಕಳಿಗೆ ಬಹುಕಾಲ ಒಂದೇ ಮಾತು ಹೇಳುತ್ತಿದ್ದರು: ಆಪರೇಷನ್ ಆದ ಕಡೆಯ ಕೈಯಲ್ಲಿ ಭಾರ ಎತ್ತಬೇಡಿ, ಶ್ರಮದ ಕೆಲಸ ಮಾಡಬೇಡಿ. ಕಂಕುಳಿನ ದುಗ್ಧಗ್ರಂಥಿ ತೆಗೆದ ಮೇಲೆ ಕೈ ಊದಿಕೊಳ್ಳುವ ಅಪಾಯ ಇರುವುದು ನಿಜ. ಆದರೆ ಶ್ರಮದಿಂದ ಅದು ಹೆಚ್ಚುತ್ತದೆಯೇ ಎಂದು ಸರಿಯಾಗಿ ಪರೀಕ್ಷಿಸಿ ನೋಡಿರಲಿಲ್ಲ.

1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾ. ಡಾನ್ ಮೆಕೆಂಝಿ ಎಂಬ ಕ್ರೀಡಾ ವೈದ್ಯರು ಅದನ್ನು ಪರೀಕ್ಷಿಸಿದರು. ಈ ಕಾಯಿಲೆ ಗೆದ್ದ 24 ಮಹಿಳೆಯರಿಗೆ ಮೊದಲು ವ್ಯಾಯಾಮ ಮಾಡಿಸಿ, ಆಮೇಲೆ ಡ್ರ್ಯಾಗನ್ ದೋಣಿ ಹತ್ತಿಸಿದರು. ಚೀನಾ ಮೂಲದ ಈ ಉದ್ದನೆಯ ದೋಣಿಯಲ್ಲಿ 20 ಜನ ಒಟ್ಟಿಗೆ ಹುಟ್ಟು ಹಾಕುತ್ತಾರೆ. ಮುಂದೆ ಒಬ್ಬರು ನಗಾರಿ ಬಾರಿಸುತ್ತಾರೆ, ಹಿಂದೆ ಒಬ್ಬರು ದಿಕ್ಕು ತಿರುಗಿಸುತ್ತಾರೆ. ಆ ಋತು ಮುಗಿದಾಗ ಒಬ್ಬರಿಗೂ ಹೊಸದಾಗಿ ಕೈ ಊದಿರಲಿಲ್ಲ. ಇಂದು ಹಲವು ದೇಶಗಳಲ್ಲಿ ಇಂಥ ತಂಡಗಳಿವೆ.

ಭಗವಾನ್ ಬುದ್ಧರು ಕಾಲಾಮರಿಗೆ ಕೊಟ್ಟ ಉಪದೇಶವೂ ಇದೇ ದಾರಿಯದು. ಎಲ್ಲರೂ ಹೇಳುತ್ತಾರೆಂದೋ ಹಿಂದಿನಿಂದ ಬಂದಿದೆಯೆಂದೋ ಒಪ್ಪಬೇಡಿ, ನೀವೇ ಪರಿಶೀಲಿಸಿ, ಹಿತವಾದದ್ದನ್ನು ಹಿಡಿಯಿರಿ ಎಂಬುದು ಅದರ ಸಾರ.

ಆದರೆ ನಮ್ಮ ನ್ಯೂ ಟೌನ್‌ನ ಹೆಣ್ಣುಮಕ್ಕಳಿಗೆ ದೋಣಿಗಿಂತ ಮೊದಲು ದಾಟಬೇಕಾದದ್ದು ನಾಚಿಕೆ. ನನಗೆ ಪರಿಚಯದ ತಾಯಿಯೊಬ್ಬರು ಎದೆಯಲ್ಲಿ ಗಂಟು ಕಂಡರೂ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಹೇಳಿದಾಗ ನೆಂಟರು, 'ಹಿಂದಿನ ಜನ್ಮದ ಪಾಪ' ಅಂದುಬಿಟ್ಟರು.

ಈ ಮಾತಿಗೆ ಧಮ್ಮದಲ್ಲಿ ಜಾಗವಿಲ್ಲ. ಎಲ್ಲ ನೋವೂ ಪೂರ್ವಕರ್ಮದಿಂದ ಬರುತ್ತದೆಯೇ ಎಂದು ಸೀವಕ ಎಂಬ ಪರಿವ್ರಾಜಕ ಕೇಳಿದಾಗ, ಬುದ್ಧರು ಪಿತ್ತ, ಕಫ, ವಾತ, ಋತು ಬದಲಾವಣೆ ಮುಂತಾದ ಕಾರಣಗಳನ್ನು ತೋರಿಸಿ, ಎಲ್ಲಕ್ಕೂ ಪೂರ್ವಕರ್ಮವೇ ಕಾರಣ ಎನ್ನುವವರದು ತಪ್ಪು ಎಂದರು. ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಈ ವಾದವನ್ನು ಬಲವಾಗಿ ಪ್ರಶ್ನಿಸಿದ್ದಾರೆ. ನಮ್ಮ ಹಿರಿಯರನ್ನು ಕೆರೆಯ ನೀರಿನಿಂದ ದೂರ ಇಟ್ಟದ್ದೂ ಇದೇ ವಾದವಲ್ಲವೇ? 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದ ಕೈಗಳ ಮಕ್ಕಳು ನಾವು. ಅದೇ ವಾದವನ್ನು ನಮ್ಮ ಮನೆಯ ಹೆಣ್ಣಿನ ಮೇಲೆ ಹೊರಿಸಬಾರದು.

ತೆಪ್ಪದ ಉಪಮೆ ನೆನಪಿಸಿಕೊಳ್ಳಿ. ಹುಲ್ಲು, ಕಡ್ಡಿ ಕಟ್ಟಿದ ತೆಪ್ಪ ತಾನಾಗಿ ದಡ ಸೇರುವುದಿಲ್ಲ, ಕೈಕಾಲು ಆಡಿಸಿ ಪ್ರಯತ್ನಪಟ್ಟವನು ದಾಟುತ್ತಾನೆ. ಒಬ್ಬರ ಕೈ ಸೋತಾಗ ಪಕ್ಕದಲ್ಲಿ ಹುಟ್ಟು ಹಾಕುವವರೇ ಸಂಘ. ಯಾರೂ ನೋಡದೆ ಬಿಟ್ಟಿದ್ದ ರೋಗಿ ಭಿಕ್ಷುವನ್ನು ಬುದ್ಧರು ತಾವೇ ತೊಳೆದು ಮಲಗಿಸಿದರು.

ಇಂದಿನ ಸಂಕಲ್ಪ: ಮನೆಯ ತಾಯಿ, ಅಕ್ಕ, ಹೆಂಡತಿ, ಮಗಳ ಹತ್ತಿರ ಈ ಕಾಯಿಲೆಯ ಹೆಸರು ಹೇಳಿ ಮಾತಾಡೋಣ. ಗಂಟು ಕಂಡರೆ ಕೂಡಲೇ ವೈದ್ಯರಿಗೆ ತೋರಿಸೋಣ, ಬೆಂಗಳೂರಿನ ಕಿದ್ವಾಯಿಯವರೆಗೂ ಹೋಗಬೇಕಾದರೆ ಜೊತೆಗೆ ಹೋಗೋಣ. ಗುಣವಾದವರು ಯಾವ ವ್ಯಾಯಾಮ, ಎಷ್ಟು ಎಂದು ವೈದ್ಯರನ್ನು ಕೇಳಿ ನಿಧಾನವಾಗಿ ಶುರು ಮಾಡಲಿ. ಹಿಂದಿನ ಹುಟ್ಟಿನ ಮಾತು ಬಿಟ್ಟು, ಕೈಯಲ್ಲಿರುವ ಹುಟ್ಟನ್ನು ಹಿಡಿಯೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.